ಹುಳದ ಮೇಡಂಗೆ ನಿಮ್ಮ ಪ್ರಶ್ನೆ: ಕರಿಬೇವಿನ ಕೆಂಪು ಕೊಂಬು, ರೇಷ್ಮೆ ಹುಳದ ಜ್ವರ, ಬಿಳಿ ಜಿರಳೆ

ಈ ತಿಂಗಳು ಬಂದಿರೋ ಪತ್ರ, ಮೆಸೇಜುಗಳನ್ನೆಲ್ಲ ಮುಂದೆ ಹರಡ್ಕೊಂಡು ಕೂತಾಗ ನಂಗೇ ನಗು ಬಂತು. ಹುಲಿ ಬಗ್ಗೆ ಒಬ್ರೂ ಕೇಳಿಲ್ಲ, ಚಿರತೆ ಬಗ್ಗೆನೂ ಇಲ್ಲ, ಎಲ್ರಿಗೂ ಮೈಮೇಲಿನ ಸಿಪ್ಪೆದೇ ಚಿಂತೆ. ಹುಳದ ಚರ್ಮ, ಹಾವಿನ ಪೊರೆ, ಕೋಳಿ ಕಾಲು, ಆನೆ ಕಿವಿ, ಚಿಟ್ಟೆ ಪುಡಿ. ಮೂವತ್ತು ವರ್ಷ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು ನಾನು, ಸಿಲಬಸ್‌ನಲ್ಲಿ ಚರ್ಮದ ಪಾಠ ಬಂತು ಅಂದ್ರೆ ಮಕ್ಕಳೂ ಆಕಳಿಸೋರು, ನಾನೂ ಗಡಿಬಿಡಿಯಲ್ಲಿ ಮುಗಿಸಿ ಹೃದಯದ ಪಾಠಕ್ಕೆ ಓಡೋಳು. ಆ ತಪ್ಪಿಗೆ ಈ ಸಲ ದಂಡ ಕಟ್ತಾ ಇದೀನಿ ಅಂದ್ಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ಟೆರೇಸ್ ಮೇಲಿನ ಕರಿಬೇವಿನ ಪಾಟ್‌ನಲ್ಲಿ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂತ ಒರೆಸೋಕೆ ಹೋದೆ ಮೇಡಂ, ನೋಡಿದ್ರೆ ಅದು ಹುಳ! ವಾರ ಬಿಟ್ಟು ನೋಡಿದ್ರೆ ಅಲ್ಲೇ ದಪ್ಪ ಹಸಿರು ಹುಳ ಕೂತಿದೆ. ಕಡ್ಡೀಲಿ ಮುಟ್ಟಿದ್ರೆ ತಲೆಯಿಂದ ಕೆಂಪು ಕೊಂಬು ಚಾಚುತ್ತೆ, ಕೆಟ್ಟ ವಾಸನೆ ಬೇರೆ. ಕಚ್ಚುತ್ತಾ? ಔಷಧಿ ಹೊಡೀಲಾ?

ಔಷಧಿ ಬಾಟಲಿ ಕೆಳಗಿಡಿ ತಾಯಿ. ಆ ಹಿಕ್ಕೆನೂ ಈ ಹಸಿರು ಹುಳನೂ ಒಂದೇ. ನಿಂಬೆ, ಕರಿಬೇವು ಒಂದೇ ಕುಟುಂಬದ ಗಿಡಗಳು, ಅವುಗಳ ಎಲೆ ತಿನ್ನೋ ನಿಂಬೆ ಚಿಟ್ಟೆ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಮರಿ ಅದು. ಕಚ್ಚಲ್ಲ, ಚುಚ್ಚಲ್ಲ, ಮುಟ್ಟಿದ್ರೆ ತುರಿಕೆನೂ ಬರಲ್ಲ, ಮೈಮೇಲೆ ಕಂಬಳಿಹುಳದ ಥರ ಕೂದಲೇ ಇಲ್ವಲ್ಲ.

ಚಿಕ್ಕದಿದ್ದಾಗ ಕಂದು ಮೈಗೆ ಒಂದೆರಡು ಕಡೆ ಬಿಳಿ ತೇಪೆ, ಮೇಲೊಂಚೂರು ಒದ್ದೆ ಹೊಳಪು, ಹಕ್ಕಿಗೆ ಅದು ತನ್ನ ಹಿಕ್ಕೆ ಥರಾನೇ ಕಾಣುತ್ತೆ, ಯಾವ ಹಕ್ಕಿ ಅದನ್ನ ತಿನ್ನುತ್ತೆ ಹೇಳಿ? ಆದರೆ ಈ ವೇಷ ನಡೆಯೋದು ಮೈ ಸಣ್ಣದಿರೋ ತನಕ ಮಾತ್ರ, ಬೆರಳುದ್ದ ಆದಮೇಲೆ ಅಷ್ಟು ದೊಡ್ಡ ಹಿಕ್ಕೆ ಹಾಕೋ ಹಕ್ಕಿ ಎಲ್ಲಿದೆ, ಅದಕ್ಕೇ ನಾಲ್ಕನೇ ಸಲ ಚರ್ಮ ಬಿಟ್ಟಾಗ ಒಳಗಿಂದ ಎಲೆ ಬಣ್ಣದ ಹೊಸ ಅಂಗಿ ಹಾಕ್ಕೊಂಡೇ ಹೊರಗೆ ಬರುತ್ತೆ. ಇದನ್ನ ನಡೆಸೋದು ಜುವೆನೈಲ್ ಹಾರ್ಮೋನ್ ಅನ್ನೋ ರಸ. ಅದು ಮೈಯಲ್ಲಿ ಜಾಸ್ತಿ ಇರೋ ತನಕ ಹಿಕ್ಕೆ ವೇಷ, ಇಳಿದಾಗ ಹಸಿರು. ಜಪಾನಿನ ಸಂಶೋಧಕರು ಇದರ ಹತ್ತಿರದ ನೆಂಟ, ನಿಂಬೆ ಗಿಡ ತಿನ್ನೋ ಇನ್ನೊಂದು ಹುಳಕ್ಕೆ ಸರಿಯಾದ ಹೊತ್ತಲ್ಲಿ ಆ ಹಾರ್ಮೋನಿನಂಥದ್ದೇ ರಾಸಾಯನಿಕ ಹಚ್ಚಿದ್ರು, ಹಸಿರಾಗಬೇಕಿದ್ದ ದೊಡ್ಡ ಹುಳ ಮತ್ತೆ ಹಿಕ್ಕೆ ಬಣ್ಣದಲ್ಲೇ ಹೊರಬಂತು. 2008ರಲ್ಲಿ ಪ್ರಕಟವಾದ ಕೆಲಸ ಅದು.

ಇನ್ನು ಆ ಕೊಂಬು ಕೊಂಬಲ್ಲ, ನಾಲಿಗೆನೂ ಅಲ್ಲ. ತಲೆ ಹಿಂದೆ, ಕುತ್ತಿಗೆ ಅಂತೀವಲ್ಲ ಆ ಜಾಗದಲ್ಲಿ ಚರ್ಮದ್ದೇ ಒಂದು ಕವಲು ಚೀಲ ಒಳಗೆ ಮಡಚಿಟ್ಟಿರುತ್ತೆ, ಗಾಬರಿಯಾದ ತಕ್ಷಣ ಮೈಯೊಳಗಿನ ದ್ರವನ ಅದಕ್ಕೆ ನೂಕುತ್ತೆ, ಗ್ಲೌಸಿನ ಬೆರಳು ಒಳಗೆ ಸಿಕ್ಕಿದ್ರೆ ಊದಿ ಹೊರಗೆ ತೆಗೀತೀವಲ್ಲ ಹಾಗೆ ಟಪ್ ಅಂತ ಹೊರಗೆ ಬರುತ್ತೆ. ವಾಸನೆಗೆ ಇರುವೆ, ಜೇಡ ಹಿಂದೆ ಸರೀತವೆ. ಭುಜದ ಮೇಲೆ ಎರಡು ದೊಡ್ಡ ಕಣ್ಣು ಬಿಡಿಸಿದ ಹಾಗೆ ಗುರುತಿದ್ದರೆ ಅದೂ ಬರೀ ಚರ್ಮದ ಮೇಲಿನ ಪೇಂಟು. ನಿಜವಾದ ತಲೆ ಕೆಳಗೆ ಬಗ್ಗಿರುತ್ತೆ, ಅದರ ಒಂದೊಂದು ಪಕ್ಕದಲ್ಲೂ ಸಾಸಿವೆಗಿಂತ ಸಣ್ಣವು ಆರಾರು ಕಣ್ಣು.

ಎಲೆ ಹೋದ್ರೆ ಹೋಗ್ಲಿ, ಕರಿಬೇವು ಮತ್ತೆ ಚಿಗುರುತ್ತೆ. ಒಗ್ಗರಣೆಗೆ ಎರಡು ವಾರ ಅಂಗಡಿಯಿಂದ ತನ್ನಿ.

ಪ್ರಶ್ನೆ (ಪುತ್ತೂರಿನಿಂದ, ಹೈಸ್ಕೂಲ್ ಟೀಚರ್): ಒಂದೇ ಕರಿಬೇವಿನ ಗಿಡದಿಂದ ತಂದ ಐದು ಹುಳ ಶಾಲೆಯಲ್ಲಿ ಸಾಕಿದ್ವಿ. ಮೂರು ಚಿಟ್ಟೆ ಒಂದೇ ಥರ, ಕಪ್ಪು ರೆಕ್ಕೆಗೆ ಬಿಳಿ ಚುಕ್ಕೆ ಸಾಲು. ಇನ್ನೆರಡರ ಹಿಂದಿನ ರೆಕ್ಕೆಯಲ್ಲಿ ಕೆಂಪು ಮಚ್ಚೆ. ಎರಡು ಜಾತಿ ಹುಳ ಬೆರೆತು ಹೋಗಿತ್ತಾ?

ಬೆರೆತಿಲ್ಲ ಟೀಚರೇ. ನಿಮ್ಮ ಮಕ್ಕಳ ಅದೃಷ್ಟ ಚೆನ್ನಾಗಿತ್ತು, ನಾನು ಇಡೀ ಸರ್ವೀಸಲ್ಲಿ ಎರಡು ಥರ ಒಟ್ಟಿಗೆ ಬಂದಿದ್ದನ್ನ ನೋಡಿದ್ದು ಒಂದೇ ಸಲ. ಐದೂ ಕಾಮನ್ ಮಾರ್ಮನ್ನೇ, ಕೆಂಪು ಮಚ್ಚೆಯವು ಹೆಣ್ಣು. ಗಂಡೆಲ್ಲ ಒಂದೇ ಥರ, ಹೆಣ್ಣು ಮಾತ್ರ ಮೂರು ವೇಷ. ಒಂದು ಗಂಡಿನ ಹಾಗೇ ಇರುತ್ತೆ, ಇನ್ನೊಂದು ಕಾಮನ್ ರೋಸ್ ಅನ್ನೋ ಚಿಟ್ಟೆ ಹಾಗೆ, ಮೂರನೇದು ಕ್ರಿಮ್ಸನ್ ರೋಸ್ ಹಾಗೆ. ಹೀಗೆ ಒಬ್ಬ ಗಂಡನಿಗೆ ಬೇರೆ ಬೇರೆ ಹೆಂಡ್ತೀರು ಅಂತಲೇ ಬ್ರಿಟಿಷರು ಇದಕ್ಕೆ ಮಾರ್ಮನ್ ಅಂತ ಹೆಸರಿಟ್ಟರು ಅಂತ ಹೇಳೋದುಂಟು, ಅಮೆರಿಕದ ಮಾರ್ಮನ್ ಪಂಥದವರಲ್ಲಿ ಆಗ ಬಹುಪತ್ನಿತ್ವ ಇತ್ತಲ್ಲ.

ರೋಸ್ ಚಿಟ್ಟೆಗಳ ಮರಿ ತಿನ್ನೋದು ಈಶ್ವರಿ ಬಳ್ಳಿ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ತಿನ್ನೋದೂ ಅದನ್ನೇ. ಬಳ್ಳಿಯ ವಿಷ ಹುಳದ ಮೈಗೆ ಸೇರಿ ಚಿಟ್ಟೆ ಆದಮೇಲೂ ಉಳಿಯುತ್ತೆ, ಒಂದು ಸಲ ತಿಂದು ಉಗುಳಿದ ಹಕ್ಕಿ ಮತ್ತೆ ಆ ಕೆಂಪು ಕಪ್ಪು ಕಂಡ್ರೆ ಹತ್ರ ಹೋಗಲ್ಲ. ಮಾರ್ಮನ್ ಹೆಣ್ಣಿಗೆ ವಿಷ ಗಿಷ ಏನಿಲ್ಲ, ಬರೀ ಆ ಅಂಗಡಿ ಬೋರ್ಡು ತಗಲಿಸ್ಕೊಂಡು ಓಡಾಡುತ್ತೆ. ಮೋಸ ಹಿಡಿಯೋ ಉಪಾಯ ಹೇಳ್ತೀನಿ, ರೆಕ್ಕೆ ನೋಡ್ಬೇಡಿ, ಮೈ ನೋಡಿ. ರೋಸ್ ಚಿಟ್ಟೆಗಳ ಮೈಯೇ ಕೆಂಪು, ಮಾರ್ಮನ್ ಮೈ ಕಪ್ಪು. ಮೈಗೆ ಬಣ್ಣ ಬಳಿಯೋದನ್ನ ಮರ್ತುಬಿಟ್ಟಿದೆ.

ಇವೆಲ್ಲ ಒಂದೇ ಜಾತಿಯ ಹೆಣ್ಣುಗಳು ಅಂತ 1865ರಲ್ಲೇ ವ್ಯಾಲೇಸ್ ಬರೆದಿದ್ರು, ಡಾರ್ವಿನ್ ಜೊತೆ ಹೆಸರು ಬರುತ್ತಲ್ಲ ಅದೇ ವ್ಯಾಲೇಸ್. ಆದರೆ ಒಳಗಿನ ಕಾರಣ ಗೊತ್ತಾಗೋಕೆ 2014ರ ತನಕ ಕಾಯ್ಬೇಕಾಯ್ತು. ಈಗ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿರೋ ಕೃಷ್ಣಮೇಘ ಕುಂಟೆ ಮತ್ತು ಅವರ ಅಮೆರಿಕದ ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು ಏನಂದ್ರೆ, ರೆಕ್ಕೆಯ ಬಿಳಿ, ಕೆಂಪು, ಆಕಾರ ಎಲ್ಲಾನೂ ಬದಲಾಯಿಸೋದು ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್. ಹಲವು ಜೀನ್‌ಗಳು ಅಂಟ್ಕೊಂಡು ಒಂದು ಗುಂಪಾಗಿ ಈ ಕೆಲಸ ಮಾಡ್ತಿರಬೇಕು ಅಂತ ಅಲ್ಲೀವರೆಗೆ ಎಲ್ರೂ ಅಂದ್ಕೊಂಡಿದ್ರು. ಇನ್ನೊಂದು ತಮಾಷೆ, ಇದು ಕೀಟಗಳಲ್ಲಿ ಗಂಡು ಹೆಣ್ಣು ಅನ್ನೋದನ್ನ ನಿರ್ಧರಿಸೋ ಹಳೇ ಜೀನೇ, ಮನೆ ಜಗಲಿ ನೋಡ್ಕೊಳ್ಳೋರಿಗೇ ಪೇಂಟಿಂಗ್ ಕಾಂಟ್ರಾಕ್ಟೂ ಕೊಟ್ಟ ಹಾಗೆ. ಗಂಡಿನಲ್ಲೂ ಆ ಜೀನ್ ಇರುತ್ತೆ, ಹೊರಗೆ ತೋರಿಸಲ್ಲ ಅಷ್ಟೇ, ಹಾಗಾಗಿ ಅಪ್ಪನ ಮೈಮೇಲೆ ಕಾಣದ ವೇಷ ಮಗಳಲ್ಲಿ ಕಾಣುತ್ತೆ.

ಪ್ರಶ್ನೆ (ಶಿಡ್ಲಘಟ್ಟದಿಂದ, ಬಿಎಸ್ಸಿ ವಿದ್ಯಾರ್ಥಿನಿ): ನಮ್ಮಪ್ಪ ರೇಷ್ಮೆ ಬೆಳೀತಾರೆ. ಹುಳ ಜ್ವರಕ್ಕೆ ಕೂತಿದೆ, ಎರಡನೇ ಜ್ವರ, ನಾಲ್ಕನೇ ಜ್ವರ ಅಂತೆಲ್ಲ ಹೇಳ್ತಾರೆ. ನಿಜವಾಗ್ಲೂ ಜ್ವರ ಬರುತ್ತಾ? ಕ್ಲಾಸಲ್ಲಿ ಮೋಲ್ಟಿಂಗ್ ಅಂದ್ರು, ಅಪ್ಪಂಗೆ ಹೇಗೆ ವಿವರಿಸೋದು?

ಅಪ್ಪಂಗೆ ನೀನು ವಿವರಿಸೋದಕ್ಕಿಂತ ಮುಂಚೆ ಅಪ್ಪ ಹೇಳೋದನ್ನ ಒಂದು ದಿನ ತಟ್ಟೆ ಪಕ್ಕ ಕೂತು ಕೇಳು ಮಗಾ, ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಇಲ್ಲದ್ದು ಸಿಗುತ್ತೆ. ಜ್ವರ ಅನ್ನೋ ಮಾತು ಎಷ್ಟು ಚೆನ್ನಾಗಿದೆ ನೋಡು. ಸೊಪ್ಪು ಬಿಡುತ್ತೆ, ಅಲ್ಲಾಡಲ್ಲ, ತಲೆ ಎತ್ತಿ ಮಂಕಾಗಿ ಕೂತಿರುತ್ತೆ, ಮೈ ಹೊಳಪು ಬದಲಾಗುತ್ತೆ. ಜ್ವರ ಬಂದ ಮಗು ಥರಾನೇ. ಆದರೆ ಥರ್ಮಾಮೀಟರ್ ಇಟ್ರೆ ಬಿಸಿ ಸಿಗಲ್ಲ, ಹುಳದ ಮೈ ಬಿಸಿ ಮನೆಯ ಬಿಸಿಯ ಹಾಗೇ ಏರಿಳಿಯುತ್ತೆ. ಕಾಯಿಲೆ ಅಲ್ಲ, ಬಟ್ಟೆ ಬದಲಾಯಿಸ್ಕೊಳ್ತಾ ಇದೆ, ಬಾಗಿಲು ಹಾಕ್ಕೊಂಡಿದೆ.

ನಮ್ಮ ಮೂಳೆ ಒಳಗೆ, ಚರ್ಮ ಹೊರಗೆ. ಹುಳಕ್ಕೆ ಚರ್ಮವೇ ಮೂಳೆ. ಮೊಟ್ಟೆಯಿಂದ ಬಂದಾಗಿನ ತೂಕಕ್ಕೆ ಹೋಲಿಸಿದ್ರೆ ಹಣ್ಣಾಗೋ, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋ ಹೊತ್ತಿಗೆ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತೆ, ಅದೂ ಮೂರುವರೆ ನಾಲ್ಕು ವಾರದಲ್ಲಿ. ಮೈ ಚರ್ಮ ಒಂದಷ್ಟು ಹಿಗ್ಗುತ್ತೆ, ಆದರೆ ತಲೆ ಮೇಲಿನ ಗಟ್ಟಿ ಚಿಪ್ಪು ಒಂದಿಷ್ಟೂ ಹಿಗ್ಗಲ್ಲ, ಅದಕ್ಕೇ ಜ್ವರಕ್ಕೆ ಕೂರೋ ಮುಂಚೆ ಹುಳ ನೋಡಿದ್ರೆ ಮೈ ಉಬ್ಬಿ ತಲೆ ಚಿಕ್ಕದು, ಜ್ವರ ಎದ್ದಮೇಲೆ ತಲೆ ದೊಡ್ಡದು ಮೈ ಸಡಿಲ, ಅಣ್ಣನ ಶರ್ಟು ಹಾಕ್ಕೊಂಡ ತಮ್ಮನ ಥರ.

ಒಳಗೆ ಆಗೋದು ಇದು. ಚರ್ಮದ ಕೆಳಗೆ ಒಂದೇ ಒಂದು ಪದರ ಜೀವಕೋಶ ಇರುತ್ತೆ, ಹೊರಗಿನ ಚರ್ಮ ಆ ಕೋಶಗಳು ಸುರಿಸಿ ಗಟ್ಟಿಯಾದ ಕೈಟಿನ್ ಮತ್ತು ಪ್ರೋಟೀನ್. ಮೊದಲು ಹಳೇ ಚರ್ಮದಿಂದ ಈ ಪದರ ಬಿಡಿಸ್ಕೊಳ್ಳುತ್ತೆ, ಮಧ್ಯದ ಸಂದಿಗೆ ಹಳೇದನ್ನ ಕರಗಿಸೋ ರಸ ಬಿಡುತ್ತೆ, ಕರಗಿದ್ದನ್ನ ವಾಪಸ್ ಹೀರ್ಕೊಂಡು ಅದರಿಂದಲೇ ಹೊಸದನ್ನ ನೇಯುತ್ತೆ, ಹಳೇ ಸೀರೆ ಬಿಚ್ಚಿ ಅದೇ ನೂಲಲ್ಲಿ ಹೊಸದು ನೇದ ಹಾಗೆ. ಕೊನೆಗೆ ಉಳಿಯೋದು ತೆಳ್ಳನೆ ಪೊರೆ. ಮೊದಲು ತಲೆ ಚಿಪ್ಪು ಮುಖವಾಡದ ಥರ ಉದುರುತ್ತೆ, ಆಮೇಲೆ ಹುಳ ಮುಂದಕ್ಕೆ ತೆವಳುತ್ತೆ, ಪೊರೆ ಹಿಂದೆ ಬಾಲದ ಹತ್ರ ಮುದ್ದೆಯಾಗಿ ಬಿಟ್ಟುಹೋಗುತ್ತೆ. ಭೂತಕನ್ನಡಿ ಇದ್ರೆ ಆ ಮುದ್ದೆ ತಗೊಂಡು ನೀರಲ್ಲಿ ಬಿಡಿಸಿ ನೋಡು. ಒಳಮುಖಕ್ಕೆ ಬೆಳ್ಳಗೆ ಎಳೆ ಎಳೆ ಕಾಣ್ತವೆ. ಅವು ಉಸಿರಾಟದ ನಾಳದ ಒಳಪದರ! ಹುಳದ ಮೈ ಪಕ್ಕಗಳಲ್ಲಿ ಒಂಬತ್ತು ಜೊತೆ ಉಸಿರಿನ ರಂಧ್ರ, ಕಪ್ಪು ಚುಕ್ಕೆ ಥರ ಕಾಣ್ತವಲ್ಲ ಅವೇ, ಅಲ್ಲಿಂದ ಒಳಗೆ ಹೋಗೋ ಕೊಳವೆಗೂ ಚರ್ಮದ್ದೇ ಅಸ್ತರು. ಪೊರೆ ಬಿಡುವಾಗ ಅದೂ ಎಳ್ಕೊಂಡು ಹೊರಗೆ ಬರುತ್ತೆ. ಗಂಟಲಿನ ಅಸ್ತರು, ಕರುಳಿನ ಕೊನೆ ಭಾಗದ ಅಸ್ತರು ಕೂಡ. ನಮಗೆ ಮೂಗಿನಿಂದ ಶ್ವಾಸಕೋಶದ ತನಕ ಒಳಚರ್ಮ ಕಿತ್ತು ಎಳೆದ್ರೆ ಹೇಗಿರುತ್ತೆ ಯೋಚ್ನೆ ಮಾಡು, ಪಾಪ ಹುಳಕ್ಕೆ ಅಪ್ಪ ಜ್ವರ ಅನ್ನದೆ ಇನ್ನೇನಂತಾರೆ? ಜ್ವರದಲ್ಲಿ ಸೊಪ್ಪು ಹಾಕ್ಬೇಡ, ತಟ್ಟೆ ಅಲ್ಲಾಡಿಸ್ಬೇಡ, ಸುಣ್ಣದ ಪುಡಿ ಉದುರಿಸಿ ಒಣಗಿರೋ ಹಾಗೆ ನೋಡ್ಕೋ ಅಂತ ಹೇಳೋದಕ್ಕೆಲ್ಲ ಅರ್ಥ ಇದೇ.

ಈ ಜ್ವರ ಬರಿಸೋ ಹಾರ್ಮೋನ್ ಹೆಸರು ಎಕ್ಡೈಸೋನ್. ಹುಳದ ಎದೆ ಭಾಗದ ಗ್ರಂಥಿಯಿಂದ ಬರುತ್ತೆ. ಜಪಾನಿನ ಫುಕುಡಾ 1940ರ ಸುಮಾರಿಗೆ ರೇಷ್ಮೆ ಹುಳಕ್ಕೆ ಮಧ್ಯದಲ್ಲಿ ದಾರ ಬಿಗಿದು ಕಟ್ಟಿ ನೋಡಿದ್ರು, ದಾರದ ಮುಂದಿನ ಅರ್ಧ ಪ್ಯೂಪಾ (ಹುಳಕ್ಕೂ ಚಿಟ್ಟೆಗೂ ಮಧ್ಯದ ಹಂತ) ಆಯ್ತು, ಹಿಂದಿನ ಅರ್ಧ ಹುಳವಾಗೇ ಉಳೀತು. ಅಂದ್ರೆ ಆಜ್ಞೆ ಬರೋದು ಮುಂದಿನಿಂದ, ರಕ್ತದಲ್ಲಿ ಹರಿದು. ಆಮೇಲೆ 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಆ ಹಾರ್ಮೋನನ್ನ ಶುದ್ಧವಾಗಿ ಬೇರ್ಪಡಿಸಿದ್ರು, ಅದಕ್ಕೆ ಬೇಕಾಗಿದ್ದು 500 ಕೆಜಿ ರೇಷ್ಮೆ ಪ್ಯೂಪಾ. ಸಿಕ್ಕಿದ್ದು 25 ಮಿಲಿಗ್ರಾಂ. ಹೆಚ್ಚು ಕಮ್ಮಿ ಒಂದು ಅಕ್ಕಿ ಕಾಳಿನ ತೂಕ. ಅರ್ಧ ಟನ್ ಪ್ಯೂಪಾ ರುಬ್ಬಿ ಒಂದು ಅಕ್ಕಿ ಕಾಳು ತೆಗೆದವರ ತಾಳ್ಮೆ ಬಗ್ಗೆ ನಾನು ಪ್ರತಿ ಬ್ಯಾಚಿಗೂ ಹೇಳ್ತಿದ್ದೆ, ರೆಕಾರ್ಡ್ ಬುಕ್ ಬರೆಯೋಕೇ ಗೊಣಗೋ ಮಕ್ಕಳು ಆಗ ಸ್ವಲ್ಪ ಸುಮ್ಮನಾಗೋರು.

ಎಕ್ಡೈಸೋನ್ ಜೊತೆ ಜುವೆನೈಲ್ ಹಾರ್ಮೋನ್ ಇದ್ದರೆ ಮತ್ತೊಂದು ಹುಳದ ಜ್ವರ, ಅದಿಲ್ಲದಿದ್ರೆ ಗೂಡು ಕಟ್ಟಿ ಪ್ಯೂಪಾ. ಮೇಲೆ ಕರಿಬೇವಿನ ಹುಳದಲ್ಲಿ ಹೇಳಿದ್ನಲ್ಲ, ಅದೇ ಹಾರ್ಮೋನ್. ಎಕ್ಡೈಸೋನಿನಂಥದ್ದು ಕೆಲವು ಗಿಡಗಳಲ್ಲೂ ಇದೆ, ಹುಳ ಎಲ್ಲಾ ಒಟ್ಟಿಗೆ ಹಣ್ಣಾಗಲಿ, ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಡೋ ಕೆಲಸ ಒಂದೇ ದಿನದಲ್ಲಿ ಮುಗೀಲಿ ಅಂತ ಕೊನೇ ಸೊಪ್ಪಿನ ಮೇಲೆ ಸಿಂಪಡಿಸೋ ದ್ರಾವಣ ಇರೋದು ಅದರಿಂದಲೇ. ಅಪ್ಪಂಗೆ ಗೊತ್ತಿರುತ್ತೆ, ಕೇಳು.

ಊಜಿ ನೊಣದ ಬಗ್ಗೆನೂ ಕೊನೇ ಸಾಲಲ್ಲಿ ಕೇಳಿದೀಯ, ಅದರ ಕಾಟ ಇದ್ದಾಗ ಹುಳದ ಮೈಮೇಲೆ ಕಪ್ಪು ಮಚ್ಚೆ ಯಾಕೆ ಅಂತ. ಒಳಗೆ ಹೊಕ್ಕ ನೊಣದ ಮರಿಗೂ ಉಸಿರು ಬೇಕಲ್ಲ, ಅದು ರೇಷ್ಮೆ ಹುಳದ ಚರ್ಮದ ತೂತಿಗೆ ತನ್ನ ಹಿಂಭಾಗ ಅಂಟಿಸ್ಕೊಂಡು ಹೊರಗಿನ ಗಾಳಿ ಎಳೀತಿರುತ್ತೆ. ಗಾಯ ಮುಚ್ಚೋಕೆ ಹುಳ ಅಲ್ಲಿ ಸುರಿಯೋ ಮೆಲನಿನ್ ಅನ್ನೋ ಬಣ್ಣದ ವಸ್ತುವೇ ಆ ಕಪ್ಪು. ಈ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಹೊಕ್ಕಿದ್ದು. ಕಿಟಕಿಗೆ ನೈಲಾನ್ ಪರದೆ ಕಟ್ಟೋದು ತಪ್ಪಿಸ್ಬೇಡಿ.

ಪ್ರಶ್ನೆ (ದಾವಣಗೆರೆಯಿಂದ): ಅಡುಗೆಮನೇಲಿ ರಾತ್ರಿ ಲೈಟ್ ಹಾಕಿದ್ರೆ ಹಾಲಿನಷ್ಟು ಬೆಳ್ಳಗಿರೋ ಜಿರಳೆ! ಔಷಧಿ ಹೊಡೆದು ಹೊಡೆದು ಹೀಗಾಯ್ತಾ? ಜಿರಳೆ ತಲೆ ಕಿತ್ರೂ ಬದುಕುತ್ತೆ ಅನ್ನೋದು ನಿಜಾನಾ?

ಹೊಸ ಜಾತಿನೂ ಅಲ್ಲ, ಔಷಧಿ ಪರಿಣಾಮನೂ ಅಲ್ಲ. ಈಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಳೆ. ಹೊಸ ಚರ್ಮ ಬೆಳ್ಳಗೆ ಮೆತ್ತಗೆ ಇರುತ್ತೆ, ಕೆಲವೇ ಗಂಟೆಯಲ್ಲಿ ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಚರ್ಮ ಹದ ಮಾಡೋರು ತೊಗಟೆ ನೀರಲ್ಲಿ ನೆನೆಸಿದಾಗ ಆಗೋದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ. ಆ ಒಂದೆರಡು ಗಂಟೆ ಅದರ ಪಾಲಿಗೆ ಭಯಂಕರ ಅಪಾಯದ ಹೊತ್ತು, ಸಾಮಾನ್ಯವಾಗಿ ಬಚ್ಚಿಟ್ಕೊಂಡಿರುತ್ತೆ, ಅದಕ್ಕೇ ಅಪರೂಪಕ್ಕೆ ಕಾಣೋದು.

ತಲೆ ವಿಷಯ ನಿಜ, ದಿನಗಟ್ಟಲೆ ಬದುಕಬಹುದು. ಅದು ಮೂಗಿನಿಂದ ಉಸಿರಾಡಲ್ವಲ್ಲ, ಮೈ ಪಕ್ಕದ ಹತ್ತು ಜೊತೆ ರಂಧ್ರದಿಂದ ಉಸಿರಾಡೋದು. ರಕ್ತ ನಾಳದೊಳಗೆ ಒತ್ತಡದಲ್ಲಿ ಹರಿಯಲ್ಲ, ಹಾಗಾಗಿ ಕುತ್ತಿಗೆ ಕತ್ತರಿಸಿದ್ರೆ ನಮ್ಮ ಹಾಗೆ ಚಿಮ್ಮಿ ಖಾಲಿಯಾಗಲ್ಲ, ಬಾಯಿಲ್ಲ ಅಂತ ನೀರು ಕುಡಿಯೋಕಾಗದೆ ಒಣಗಿ ಸಾಯುತ್ತೆ. ಹಿಂದೆ ಡಿಸೆಕ್ಷನ್ ಇದ್ದಾಗ ಮೇಣದ ಟ್ರೇಯಲ್ಲಿ ನೀರು ಹಾಕಿ ಜಿರಳೆ ಬೆನ್ನು ಬಿಡಿಸಿದ್ರೆ ಗಾಳಿ ತುಂಬಿದ ನಾಳಗಳು ಬೆಳ್ಳಿ ಎಳೆ ಥರ ಮಿಂಚೋವು, ಹಿಂದಿನ ಬೆಂಚಿನ ಹುಡುಗರೂ ಅಷ್ಟು ಹೊತ್ತು ಮಾತು ನಿಲ್ಸೋರು. ಸೋಪಿನ ನೀರು ಚೆಲ್ಲಿದ್ರೆ ಜಿರಳೆ ಸಾಯೋದು ಈ ರಂಧ್ರಗಳ ದೆಸೆಯಿಂದಲೇ. ಬರೀ ನೀರು ಅದರ ಮೇಣದ ಮೈಮೇಲೆ ಜಾರಿ ಹೋಗುತ್ತೆ, ಸೋಪು ಸೇರಿದ್ರೆ ಅಂಟಿ ಒಳಗೆ ನುಗ್ಗುತ್ತೆ.

ಪ್ರಶ್ನೆ (ಚಿತ್ರದುರ್ಗದಿಂದ): ನಾಟಿ ಕೋಳಿ ಸಾಕ್ತೀವಿ. ಮೈಯೆಲ್ಲ ಪುಕ್ಕ, ಕಾಲಿಗೆ ಮಾತ್ರ ಹಾವಿನ ಥರ ಹುರುಪೆ. ಕೋಳಿಗೂ ಹಾವಿಗೂ ಸಂಬಂಧ ಇದೆಯಾ? ಹಾವು ಪೊರೆ ಬಿಡೋದೂ ಹುಳ ಪೊರೆ ಬಿಡೋದೂ ಒಂದೇನಾ?

ಎರಡನೇದು ಮೊದಲು. ಒಂದೇ ಅಲ್ಲ. ಹುಳದ್ದು ಕೋಶಗಳು ಸುರಿಸಿದ ಕೋಟು, ಹಾವಿನದ್ದು ಸತ್ತ ಕೋಶಗಳದ್ದೇ ಪದರ, ನಮ್ಮ ತಲೆ ಹೊಟ್ಟಿನ ಜಾತಿ, ನಾವು ಪುಡಿ ಪುಡಿಯಾಗಿ ಉದುರಿಸ್ತೀವಿ ಅದು ಇಡೀ ಕಾಲುಚೀಲದ ಥರ ಒಂದೇ ಸಲ ಬಿಡುತ್ತೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಮುಚ್ಚಳ ಇರುತ್ತೆ, ಪೊರೆಯ ಜೊತೆ ಅದರ ಮೇಲ್ಪದರನೂ ಕಳಚುತ್ತೆ. ಹಿತ್ತಲಲ್ಲಿ ಪೊರೆ ಸಿಕ್ಕಿದ್ರೆ ತಲೆ ಭಾಗ ಬೆಳಕಿಗೆ ಹಿಡೀರಿ, ಎರಡು ಪುಟ್ಟ ಗುಂಡನೆ ಕನ್ನಡಕ ಕಾಣುತ್ತೆ.

ಇನ್ನು ಕೋಳಿಗೂ ಹಾವಿಗೂ ಸಂಬಂಧ ಇದೆ, ನೆಂಟರು ದೂರದವರು. ಕಾವಿಗಿಟ್ಟ ಮೊಟ್ಟೆಯೊಳಗೆ ಸುಮಾರು ಏಳನೇ ದಿನಕ್ಕೆ ಮರಿಯ ಬೆನ್ನ ಚರ್ಮದ ಮೇಲೆ ಸಾಲು ಸಾಲಾಗಿ ಚುಕ್ಕೆ ಏಳ್ತವೆ, ಒಂದೊಂದು ಚುಕ್ಕೆನೂ ಚರ್ಮ ದಪ್ಪಗಾದ ಒಂದು ಗುಬುಟು. ಪುಕ್ಕ ಹುಟ್ಟೋದು ಅಲ್ಲಿಂದ. ಇಲಿ, ಮನುಷ್ಯನ ಕೂದಲು ಹುಟ್ಟೋದೂ ಅಂಥದ್ದೇ ಗುಬುಟಿನಿಂದ. ಹಾವು ಹಲ್ಲಿಗಳ ಹುರುಪೆಗೆ ಈ ಗುಬುಟು ಇಲ್ಲ, ಅದು ಬೇರೆ ಕಥೆ ಅಂತ ತುಂಬಾ ಜನ ವಾದ ಮಾಡ್ತಿದ್ರು. ಜಿನೀವಾದ ಮಿಲಿಂಕೋವಿಚ್ ಮತ್ತು ಸಂಗಡಿಗರು 2016ರಲ್ಲಿ ಮೊಸಳೆ, ಹಲ್ಲಿ ಜಾತಿಯ ಡ್ರಾಗನ್, ಹಾವಿನ ಭ್ರೂಣಗಳನ್ನ ಸರಿಯಾದ ದಿನಕ್ಕೆ ತೆಗೆದು ನೋಡಿದ್ರು, ಅಲ್ಲೂ ಗುಬುಟು ಇತ್ತು! ಬಂದು ಬೇಗ ಮಾಯ ಆಗೋದ್ರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೂದಲು, ಪುಕ್ಕ, ಹುರುಪೆ ಮೂರೂ ಒಂದೇ ಅಜ್ಜಿ ಮನೆಯವು ಅಂತಾಯ್ತು.

ಗುಬುಟಿಗೆ ಬೇಕಾದ ಒಂದು ಜೀನ್ ಇದೆ, ಇಡಿಎ ಅಂತ. ಅದು ಕೆಟ್ಟರೆ ಡ್ರಾಗನ್ ಹಲ್ಲಿಗೆ ಹುರುಪೆ ಬರಲ್ಲ, ಮನುಷ್ಯರಿಗೆ ಕೂದಲು ವಿರಳ, ಹಲ್ಲು ಕೆಲವೇ, ಬೆವರು ಬರಲ್ಲ. ಡಾರ್ವಿನ್ ಬರೆದಿದ್ದ ಸಿಂಧ್ ಪ್ರಾಂತ್ಯದ ಒಂದು ಕುಟುಂಬದ ಗಂಡಸರಿಗೆ ಇದ್ದದ್ದು ಇದೇ ತೊಂದರೆ ಅಂತ ಈಗ ಗುರುತಿಸ್ತಾರೆ.

ಕಾಲಿಗೆ ಯಾಕೆ ಹುರುಪೆ ಅಂದ್ರೆ ಕೆಳಗಿನ ಪದರ ಮೇಲಿನ ಚರ್ಮಕ್ಕೆ ನೀನು ಇಲ್ಲಿ ಇದಾಗು ಅಂತ ಹೇಳುತ್ತೆ. ಆ ಮಾತನ್ನ ಕೆಡಿಸಬಹುದು ಕೂಡ. ಫ್ರಾನ್ಸಿನಲ್ಲಿ 1980ರಲ್ಲಿ ಹತ್ತು ದಿನದ ಕೋಳಿ ಭ್ರೂಣಕ್ಕೆ ರೆಟಿನಾಯಿಕ್ ಆಸಿಡ್ (ವಿಟಮಿನ್ ಎ ಯಿಂದ ಬರೋ ರಾಸಾಯನಿಕ) ಕೊಟ್ಟಾಗ ಕಾಲಿನ ಹುರುಪೆ ಮೇಲೇ ಪುಕ್ಕ ಬಂತು. ಕಾಲಿಗೆ ಪ್ಯಾಂಟ್ ಹಾಕಿದ ಹಾಗೆ ಗರಿ ಇರೋ ಪಾರಿವಾಳ ನೋಡಿರ್ತೀರಲ್ಲ, ಅವುಗಳ ಕಾಲಿನಲ್ಲಿ ರೆಕ್ಕೆಯ ಜೀನ್ ಒಂದು ತಪ್ಪಿ ಕೆಲಸ ಮಾಡ್ತಿರುತ್ತೆ, ಕಾಲು ಸ್ವಲ್ಪ ತಾನೂ ರೆಕ್ಕೆ ಅಂದ್ಕೊಂಡಿರುತ್ತೆ.

ಪ್ರಶ್ನೆ (ಹುಣಸೂರಿನಿಂದ): ದಸರಾ ಆನೆಗಳ ಕಿವಿ, ಸೊಂಡಿಲಲ್ಲಿ ಗುಲಾಬಿ ಮಚ್ಚೆ ಇದೆ. ತೊನ್ನಾ?

ಅಲ್ಲ. ಏಷ್ಯಾದ ಆನೆಗಳಲ್ಲಿ ವಯಸ್ಸಾದ ಹಾಗೆ ಕಿವಿ, ಸೊಂಡಿಲು, ಮುಖದ ಚರ್ಮದಲ್ಲಿ ಬಣ್ಣ ಕಮ್ಮಿಯಾಗೋದು ಮಾಮೂಲು. ಆನೆಗೆ ಅದರಿಂದ ತೊಂದರೆ ಇಲ್ಲ, ನೋಡೋಕೆ ಚೆಂದ ಅಂತ ಮೆಚ್ಚೋರೂ ಇದಾರೆ.

ಪ್ರಶ್ನೆ (ಬೆಂಗಳೂರಿನಿಂದ): ಮೇ ತಿಂಗಳಲ್ಲಿ ನೂರಾರು ಕಪ್ಪು ನೀಲಿ ಚಿಟ್ಟೆ ಅಪಾರ್ಟ್‌ಮೆಂಟ್ ಮುಂದೆ ಪೂರ್ವದ ಕಡೆಗೇ ಹಾರಿ ಹೋದವು. ಎಲ್ಲಿಗೆ?

ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಅವು. ಮುಂಗಾರು ಘಟ್ಟಕ್ಕೆ ಬಡಿಯೋ ಮುಂಚೆ ಅಲ್ಲಿಂದ ಹೊರಟು ಪೂರ್ವದ ಬಯಲಿಗೆ ಹೋಗ್ತವೆ, ಬೆಂಗಳೂರು ದಾರಿಯಲ್ಲಿ ಸಿಗುತ್ತೆ ಅಷ್ಟೇ. ಅಕ್ಟೋಬರ್ ನವೆಂಬರ್ ಹೊತ್ತಿಗೆ ವಾಪಸ್ ಪಶ್ಚಿಮಕ್ಕೆ ಹೊರಡ್ತವೆ. ದಾರಿಯಲ್ಲಿ ಒಣಗಿದ ಕಾಯಿ ಗಿಲಗಿಲ ಅನ್ನೋ ಸೆಣಬಿನ ಜಾತಿ ಗಿಡಕ್ಕೆ ಗಂಡುಗಳು ಮುತ್ತಿಕೊಂಡಿದ್ರೆ ಅದು ಮಕರಂದಕ್ಕಲ್ಲ, ಬಾಡಿದ ಎಲೆ ಕಾಂಡ ಕೆರೆದು ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಹೀರ್ತಿರ್ತವೆ. ಹೆಣ್ಣನ್ನ ಒಲಿಸೋ ಸೆಂಟು ಅದರಿಂದಲೇ ತಯಾರಾಗೋದು. ಗಂಡಿನ ಹೊಟ್ಟೆ ತುದಿಯಲ್ಲಿ ಅದನ್ನ ಹರಡೋಕೆ ಅಂತಲೇ ಕೂದಲಿನ ಬ್ರಶ್ ಕೂಡ ಇದೆ.

ಪ್ರಶ್ನೆ (ಹಾವೇರಿಯಿಂದ, ಆರನೇ ಕ್ಲಾಸ್): ಚಿಟ್ಟೆ ಪುಡಿ ಕಣ್ಣಿಗೆ ಬಿದ್ರೆ ಕುರುಡಾಗ್ತಾರೆ ಅಂತ ನಮ್ಮಜ್ಜಿ ಹೇಳ್ತಾಳೆ. ಹೌದಾ? ನಾನು ಬಾಟಲಿಯಲ್ಲಿ ಇಟ್ಟಿದ್ದ ಗೂಡಿನಿಂದ ಚಿಟ್ಟೆ ಬಂತು, ಆದ್ರೆ ರೆಕ್ಕೆ ಮುದುಡಿಕೊಂಡೇ ಇತ್ತು, ಹಾರಲಿಲ್ಲ. ಬಾಟಲಿಯಲ್ಲಿ ರಕ್ತನೂ ಬಿದ್ದಿತ್ತು.

ಪುಟ್ಟಾ, ಕುರುಡು ಆಗಲ್ಲ, ಆದರೆ ಅಜ್ಜಿ ಮಾತು ಕೇಳು, ಕಣ್ಣಿಗೆ ಏನು ಬಿದ್ರೂ ಉರಿಯುತ್ತೆ. ಆ ಪುಡಿ ಧೂಳಲ್ಲ. ಒಂದೊಂದು ಕಣನೂ ಒಂದು ಹುರುಪೆ, ಮನೆ ಹೆಂಚು ಹೊದಿಸಿದ ಹಾಗೆ ರೆಕ್ಕೆ ಮೇಲೆ ಸಾಲಾಗಿ ಜೋಡಿಸಿರುತ್ತೆ. ಮೂಲದಲ್ಲಿ ಅವು ಕೂದಲೇ, ಚಪ್ಪಟೆ ಆಗಿವೆ. ಪ್ಯೂಪಾದೊಳಗೆ ಒಂದೊಂದು ಹುರುಪೆನ ಒಂದೊಂದೇ ಜೀವಕೋಶ ಕಟ್ಟಿ, ಕಟ್ಟಿ ಮುಗಿಸಿ ಸಾಯುತ್ತೆ. ಅದಕ್ಕೇ ಉದುರಿದ ಹುರುಪೆ ಮತ್ತೆ ಹುಟ್ಟಲ್ಲ. ಚಿಟ್ಟೆ ಆದಮೇಲೆ ಪೊರೆ ಬಿಡೋದೂ ಇಲ್ಲ, ಕೊಟ್ಟಿದ್ದೇ ಕೊನೇ ಅಂಗಿ. ಹುರುಪೆ ಎಲ್ಲ ಉದುರಿದ್ರೆ ರೆಕ್ಕೆ ಬರೀ ಪ್ಲಾಸ್ಟಿಕ್ ಹಾಳೆ ಥರ ಕಾಣುತ್ತೆ. ಜೇಡರ ಬಲೆಗೆ ಸಿಕ್ಕಿದಾಗ ಮಾತ್ರ ಈ ಉದುರೋ ಗುಣ ಲಾಭ, ಅಂಟಿದ ಹುರುಪೆ ಬಲೆಗೆ ಬಿಟ್ಟು ಚಿಟ್ಟೆ ಜಾರ್ಕೊಳ್ಳುತ್ತೆ.

ನಿನ್ನ ಬಾಟಲಿ ಕಥೆ ನಂಗೂ ಆಗಿದೆ. ನಾನು ನಿನ್ನಷ್ಟೇ ಇದ್ದಾಗ ಉಪ್ಪಿನಕಾಯಿ ಬಾಟಲಿ ತೊಳೆದು ಅದರಲ್ಲಿಟ್ಟಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಚಿಟ್ಟೆ ತಳದಲ್ಲಿ ಬಿದ್ದು ಜಾರ್ತಾ ಇದೆ, ರೆಕ್ಕೆ ಒದ್ದೆ ಕರ್ಚೀಫ್ ಥರ. ಗೂಡಿಂದ ಬಂದಾಗ ಎಲ್ಲ ಚಿಟ್ಟೆ ರೆಕ್ಕೆನೂ ಚಿಕ್ಕದಾಗಿ ಮುದುಡಿಯೇ ಇರುತ್ತೆ. ಅದು ಎಲ್ಲಾದ್ರೂ ಮೇಲೆ ಹತ್ತಿ ನೇತಾಡ್ಬೇಕು, ಆಮೇಲೆ ಹೊಟ್ಟೆಯಿಂದ ದ್ರವನ ರೆಕ್ಕೆಯ ನರಗಳಿಗೆ ಪಂಪ್ ಮಾಡುತ್ತೆ, ಸೈಕಲ್ ಟ್ಯೂಬಿಗೆ ಗಾಳಿ ಹೊಡೆದ ಹಾಗೆ, ರೆಕ್ಕೆ ಕೆಳಕ್ಕೆ ಇಳಿಬಿದ್ದು ಬಿಚ್ಚಿಕೊಳ್ಳುತ್ತೆ. ಸ್ವಲ್ಪ ಹೊತ್ತಿಗೆ ಚರ್ಮ ಗಟ್ಟಿಯಾಗಿಬಿಡುತ್ತೆ, ಮೇಲೆ ಬಿಳಿ ಜಿರಳೆಗೆ ಆಯ್ತಲ್ಲ ಹಾಗೆ. ಅಷ್ಟರೊಳಗೆ ಬಿಚ್ಚದಿದ್ರೆ ಮುದುಡಿದ ಹಾಗೇ ಗಟ್ಟಿ. ಗಾಜಿನಲ್ಲಿ ಕಾಲು ಜಾರುತ್ತೆ, ಹತ್ತೋಕಾಗಲ್ಲ.

ಮುಂದಿನ ಸಲ ರಟ್ಟಿನ ಡಬ್ಬಕ್ಕೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಒಳಗೆ ಒರಟು ಕಡ್ಡಿ ಓರೆಯಾಗಿ ಇಡು. ಡಬ್ಬ ರೆಕ್ಕೆಗಿಂತ ಎರಡು ಪಟ್ಟಾದ್ರೂ ಎತ್ತರ ಇರ್ಲಿ. ಅದು ಹೊರಬಂದ ಹೊತ್ತಲ್ಲಿ ನೀನು ಎದ್ದಿದ್ರೆ ಅದರ ಬಾಯಿನೂ ನೋಡು, ಹೀರೋ ಕೊಳವೆ ಮೊದಲು ಎರಡು ಬೇರೆ ಬೇರೆ ಎಳೆ ಇರುತ್ತೆ, ಸುರುಳಿ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಜಿಪ್ ಥರ ಒಂದು ಮಾಡ್ಕೊಳ್ಳುತ್ತೆ. ಮತ್ತೆ ಆ ಕೆಂಪು ಹನಿ ರಕ್ತ ಅಲ್ಲ, ಹೆದರ್ಬೇಡ, ಪ್ಯೂಪಾ ಒಳಗಿದ್ದಷ್ಟೂ ದಿನ ಕಟ್ಕೊಂಡಿದ್ದ ಕಕ್ಕಸು ಅದು. ಅಜ್ಜಿಗೆ ಹೇಳಿ ಒರೆಸಿಬಿಡು.